ಫಲಕದೊಳಗಿನ ಹುಡುಗಿ

ಶಾಲೆ ಹತ್ತಿರ ಕೆಂಪು ತ್ರಿಕೋನದೊಳಗೆ ಮಕ್ಕಳಿರೋ ಫಲಕ ನೋಡಿರ್ತೀರಿ. ಬ್ರಿಟನ್ನಿನ ಅಂಥದೇ ಫಲಕದಲ್ಲಿ ಪುಟ್ಟ ಹುಡುಗನ ಕೈ ಹಿಡಿದು ನಡೆಸೋ ಹುಡುಗಿ ಯಾರು ಗೊತ್ತಾ? ಅದನ್ನ ಬರೆದ ಮಾರ್ಗರೆಟ್ ಕಾಲ್ವರ್ಟ್ ಅವರೇ, ತಮ್ಮ ಬಾಲ್ಯದ ಫೋಟೋ ನೋಡಿ ಬರೆದದ್ದು!

ಅಲ್ಲಿ ಮೊದಲಿದ್ದ ಫಲಕದಲ್ಲಿ ಹುಡುಗ ಮುಂದೆ, ಹುಡುಗಿ ಹಿಂದೆ. ಹುಡುಗನ ತಲೆಮೇಲೆ ಸ್ಕೂಲ್ ಟೋಪಿ ಬೇರೆ, ಯಾವುದೋ ದೊಡ್ಡವರ ಶಾಲೆಯ ಜಾಹೀರಾತಿನ ಹಾಗೆ. ಕಾಲ್ವರ್ಟ್ ಟೋಪಿ ತೆಗೆದ್ರು, ಹುಡುಗಿಯನ್ನ ಮುಂದೆ ತಂದ್ರು. ಒಂದು ಸಾಲು ಭಾಷಣ ಇಲ್ಲದೆ.

ಹಿನ್ನೆಲೆ ಚುಟುಕಾಗಿ: ಬ್ರಿಟನ್ನಿನ ಮೊದಲ ಮೋಟಾರ್‌ವೇ 1958ರಲ್ಲಿ ಪ್ರೆಸ್ಟನ್ ಬಳಿ ತೆರೆಯಿತು. ಅದರ ಫಲಕಗಳ ಕೆಲಸ ಸಿಕ್ಕಿದ್ದು ಜಾಕ್ ಕಿನ್ನೇರ್‌ಗೆ. ಅವರು ಚೆಲ್ಸಿ ಕಲಾಶಾಲೆಯ ತಮ್ಮ ವಿದ್ಯಾರ್ಥಿನಿಯನ್ನೇ ಸಹಾಯಕ್ಕೆ ಕರೆದರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಆಕೆಗೆ ಆಗ ಇಪ್ಪತ್ತರ ಆಸುಪಾಸು. ಆಮೇಲೆ ದೇಶದ ಉಳಿದ ರಸ್ತೆಗಳ ಫಲಕಗಳೂ ಇವರ ಪಾಲಿಗೇ ಬಂದವು. 1965ರ ಜನವರಿ 1ರಿಂದ ಜಾರಿ.

ಅಕ್ಷರದ ಜಗಳ ಮಾತ್ರ ಮಜವಾಗಿದೆ. ಇವರು ಸಣ್ಣ-ದೊಡ್ಡ ಅಕ್ಷರ ಬೆರೆಸಿದ್ರು. ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದ ಡೇವಿಡ್ ಕಿಂಡರ್ಸ್ಲಿ "ಎಲ್ಲಾ ದೊಡ್ಡಕ್ಷರವೇ ಇರಲಿ" ಅಂತ ಹಟ ಹಿಡಿದ್ರು. ಕೊನೆಗೆ ಬೆನ್ಸನ್ ವಿಮಾನನೆಲೆಯಲ್ಲಿ ಜನರನ್ನ ಸಾಲಾಗಿ ಕೂರಿಸಿ, ಕಾರಿನ ತಲೆಮೇಲೆ ಫಲಕ ಕಟ್ಟಿ ಅವರ ಕಡೆ ಓಡಿಸಿದ್ರು. ಕಿಂಡರ್ಸ್ಲಿಯ ಅಕ್ಷರ ಕೂದಲೆಳೆಯಷ್ಟು ಮುಂದಿತ್ತು. ಆದ್ರೂ ರಸ್ತೆಗಿಳಿದದ್ದು ಇವರದ್ದೇ. (ನಮ್ಮಲ್ಲಿ ಸಣ್ಣ-ದೊಡ್ಡ ಅಕ್ಷರದ ತಕರಾರೇ ಇಲ್ಲ, ಒತ್ತಕ್ಷರದ್ದು ಇದೆ. ಓಡೋ ಬಸ್ಸಿಂದ 'ಚಿಕ್ಕಬಳ್ಳಾಪುರ' ಓದಿ ನೋಡಿ!)

ಲಂಡನ್ನಿನ ಡಿಸೈನ್ ಮ್ಯೂಸಿಯಂ 2020ರಲ್ಲಿ ಕಾಲ್ವರ್ಟ್ ಕೆಲಸದ ಪ್ರದರ್ಶನ ಇಟ್ಟಿತು. ಹೆಸರು 'ವುಮನ್ ಅಟ್ ವರ್ಕ್'. ಅವರು ಬರೆದ 'ಕೆಲಸ ನಡೆಯುತ್ತಿದೆ' ಫಲಕದಲ್ಲಿ ಮಣ್ಣು ಅಗೆಯೋ ಗಂಡಸಿದ್ದಾನಲ್ಲ, ಛತ್ರಿ ಬಿಚ್ಚೋಕೆ ಒದ್ದಾಡ್ತಿದ್ದಾನೆ ಅಂತ ಜನ ಇವತ್ತಿಗೂ ನಗ್ತಾರೆ, ಅವನಿಗೆ ಕೊಟ್ಟ ಉತ್ತರದ ಹಾಗಿದೆ ಆ ಹೆಸರು.

ಈಗ ನಿಮ್ಮ ವಿಷಯ. ಕಾಲೇಜ್ ಎಕ್ಸಿಬಿಷನ್‌ಗೆ ಊರಿನ ಫಲಕಗಳ ಪ್ಯಾನೆಲ್ ಮಾಡ್ತೀರಾದ್ರೆ ಪೋಸ್ಟ್‌ಕಾರ್ಡ್ ಸೈಜಿಗೆ ಕುಗ್ಗಿಸಬೇಡಿ. ನಿಜವಾದ ಅಳತೆಯಲ್ಲೇ ಮಾಡಿ, ಕಾರಿಡಾರಿನ ಆ ತುದಿಯಲ್ಲಿಡಿ, ಈ ತುದಿಯಿಂದ ಜನ ಓದ್ತಾ ಬರಲಿ. ಹಳೇ ಫಲಕ ಸಿಕ್ಕರೆ ಪಕ್ಕದಲ್ಲೇ ಇಡಿ. ಟೋಪಿ ಹುಡುಗನ್ನ ನೋಡದವರಿಗೆ ಆ ಹುಡುಗಿ ಮುಂದೆ ಬಂದದ್ದು ಗೊತ್ತೇ ಆಗಲ್ಲ.

ಮುಂದಿನ ಪೋಸ್ಟ್: ಹಸುವಿನ ಫಲಕ. ಆ ಹಸು ಕಾಲ್ವರ್ಟ್ ಅವರ ಬಂಧುಗಳ ತೋಟದ್ದು, ಹೆಸರು ಪೇಶನ್ಸ್ 🐄