ಜೈಲಿನಲ್ಲಿದ್ದವರು ಸರಕಾರದ ಮೇಲೆ ಸಿವಿಲ್ ದಾವೆ ಹಾಕಬಹುದೇ? ತಿಳಿದಿರಬೇಕಾದ ನಿಯಮಗಳು

ಜೈಲಿಗೆ ಹೋದವನ ಹಕ್ಕುಗಳೆಲ್ಲ ಗೇಟಿನ ಹೊರಗೇ ಉಳಿದವು ಅಂತ ತುಂಬಾ ಮಂದಿ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ವಿಚಾರಣಾಧೀನ ಕೈದಿಯಿರಲಿ, ಶಿಕ್ಷೆಯಾದವರಿರಲಿ, ಒಳಗೆ ಹಲ್ಲೆಯಾದರೆ, ಕಾನೂನುಬಾಹಿರವಾಗಿ ಕೂಡಿಹಾಕಿದರೆ ಪರಿಹಾರ ಕೇಳಿ ಸರಕಾರದ ಮೇಲೆ ದಾವೆ ಹೂಡಬಹುದು.

ಕೋಯಿಲಕುಂಟ್ಲ ಪ್ರಕರಣ

1977ರ ಮೇ ತಿಂಗಳ ಒಂದು ರಾತ್ರಿ ಆಂಧ್ರದ ಅಂದಿನ ಕರ್ನೂಲು ಜಿಲ್ಲೆಯ ಕೋಯಿಲಕುಂಟ್ಲ ಸಬ್‌ಜೈಲಿಗೆ ಬಾಂಬ್ ಬಿತ್ತು. ಒಳಗಿದ್ದ ತಂದೆ ತೀರಿಹೋದರು, ಮಗ ಗಾಯಗೊಂಡು ಬದುಕಿದರು. ಜೀವಕ್ಕೆ ಅಪಾಯವಿದೆ ಅಂತ ಮೊದಲೇ ಹೇಳಿದ್ದರೂ ಕಾವಲು ಬಿಗಿ ಮಾಡಿರಲಿಲ್ಲ. ಮಗ ಚಲ್ಲಾ ರಾಮಕೃಷ್ಣ ರೆಡ್ಡಿ ದಾವೆ ಹಾಕಿದರು. ಕೆಳಗಿನ ಕೋರ್ಟು ವಜಾ ಮಾಡಿತು. ಹೈಕೋರ್ಟ್ 1,44,000 ರೂಪಾಯಿ ಕೊಡಿಸಿತು. ಸಾರ್ವಭೌಮ ಅಧಿಕಾರದ ಕೆಲಸಕ್ಕೆ ಸರಕಾರ ಹೊಣೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2000ದಲ್ಲಿ ತಳ್ಳಿಹಾಕಿತು. 21ನೇ ವಿಧಿಯ ಜೀವಿಸುವ ಹಕ್ಕಿನ ಮುಂದೆ ಆ ವಾದ ನಡೆಯಲಿಲ್ಲ.

ಮೊದಲು ನೋಟಿಸ್

ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ದಾವೆಗೆ ಎರಡು ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ರಾಜ್ಯ ಸರಕಾರವಾದರೆ ಸರಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ಅದು ತಲುಪಬೇಕು. ತೀರಾ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು. ಗಡಿನಾಡಿನವರು ಒಂದು ವಿಷಯ ಗಮನಿಸಬೇಕು. ಕಾಸರಗೋಡಿನವರು ಮಂಗಳೂರು ಜೈಲಿನಲ್ಲಿದ್ದಾಗ ಅನ್ಯಾಯವಾದರೆ ಪ್ರತಿವಾದಿ ಕರ್ನಾಟಕ ಸರಕಾರ, ಕೇರಳವಲ್ಲ.

ಅವಧಿ ಮೀರಬಾರದು

ಅಕ್ರಮ ಬಂಧನಕ್ಕೆ ಪರಿಹಾರ ಕೇಳಲು ಬಂಧನ ಮುಗಿದ ದಿನದಿಂದ ಒಂದೇ ವರ್ಷ ಸಮಯ. ಕೋಯಿಲಕುಂಟ್ಲ ಕೇಸಿನಲ್ಲಿ ಮೂರು ವರ್ಷದ ಅವಧಿ ಅನ್ವಯವಾಯಿತು. ಆದರೆ ಅದನ್ನೇ ನಂಬಿ ಕೂರುವುದು ಅಪಾಯ. ನೋಟಿಸಿನ ಎರಡು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ ನಿಜ. ಆದರೆ ಜೈಲಿನಲ್ಲಿದ್ದೆ ಅನ್ನುವ ಕಾರಣಕ್ಕೇ ಕಾಲಮಿತಿ ನಿಲ್ಲುವುದಿಲ್ಲ. ಮನೆಯವರು ಬೇಗ ವಕೀಲರನ್ನು ಕಾಣಬೇಕು.

ದುಡ್ಡಿಲ್ಲದಿದ್ದರೆ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಇದಕ್ಕೆ ಆದಾಯದ ಮಿತಿ ಇಲ್ಲ. ಜೈಲಿನ ಮೂಲಕ ಅಥವಾ ಮನೆಯವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು. ಕೋರ್ಟ್ ಫೀ ಕಟ್ಟಲು ಶಕ್ತಿಯಿಲ್ಲದವರು ಸಂಹಿತೆಯ 33ನೇ ಆದೇಶದಡಿ ಫೀ ಕಟ್ಟದೆ ದಾವೆ ಹಾಕಲು ಅನುಮತಿ ಕೇಳಬಹುದು.

ಸಾಕ್ಷಿ ಹೇಳುವುದು ಹೇಗೆ?

ಕೈದಿಯನ್ನು ಕರೆತರುವಂತೆ ಕೋರ್ಟು ಆದೇಶ ಮಾಡಬಹುದು. ಜೈಲು 25 ಕಿಲೋಮೀಟರಿಗಿಂತ ದೂರವಿದ್ದರೆ ಸಾಮಾನ್ಯವಾಗಿ ಕಮಿಷನ್ ನೇಮಿಸಿ ಹೇಳಿಕೆ ಪಡೆಯಲಾಗುತ್ತದೆ.

ರಿಟ್ ದಾರಿಯೂ ಇದೆ

ಮೂಲಭೂತ ಹಕ್ಕಿನ ಉಲ್ಲಂಘನೆ ಸ್ಪಷ್ಟವಾಗಿದ್ದರೆ 226ನೇ ವಿಧಿಯಡಿ ನೇರ ಹೈಕೋರ್ಟಿಗೆ ಹೋಗಬಹುದು. ಬಿಹಾರದಲ್ಲಿ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಉಳಿದ ರುದುಲ್ ಸಾಹ್‌ಗೆ ಸುಪ್ರೀಂ ಕೋರ್ಟ್ 1983ರಲ್ಲಿ ಒಟ್ಟು 35,000 ರೂಪಾಯಿ ಕೊಡಿಸಿತು. ಹೆಚ್ಚಿನ ಪರಿಹಾರಕ್ಕೆ ಸಿವಿಲ್ ದಾವೆ ಹಾಕುವ ಹಕ್ಕನ್ನೂ ಉಳಿಸಿತು.

ಆದ್ದರಿಂದ ಮನೆಯವರು ವೈದ್ಯಕೀಯ ಚೀಟಿ, ಕೊಟ್ಟ ದೂರಿನ ಪ್ರತಿ, ನೋಟಿಸಿನ ಅಂಚೆ ರಶೀದಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿಡಬೇಕು. ಕೋರ್ಟಿನಲ್ಲಿ ಮಾತಿಗಿಂತ ಕಾಗದಕ್ಕೇ ತೂಕ ಜಾಸ್ತಿ.