ತೊಂಬತ್ತೊಂದನೆಯ ಕೀರ್ತನೆ

ಆಪತ್ತಿನಲ್ಲಿ ದೇವರು ಕೈಬಿಡುವುದಿಲ್ಲವೆಂಬ ವಾಗ್ದಾನಕ್ಕಾಗಿ ಯೆಹೂದ್ಯರೂ ಕ್ರೈಸ್ತರೂ ಎರಡು ಸಾವಿರ ವರ್ಷಗಳಿಂದ ಮೊರೆಹೋಗುತ್ತಿರುವ ಬೈಬಲಿನ ಹಾಡು. ಇದರಲ್ಲಿ 16 ವಚನಗಳಿವೆ. ಬೇಟೆಗಾರನ ಬಲೆ, ಇರುಳಿನ ಭಯ, ಹಗಲು ಹಾರುವ ಬಾಣ, ಮಾರಕ ವ್ಯಾಧಿ, ಸಿಂಹ, ಸರ್ಪ, ಹೀಗೆ ಮನುಷ್ಯ ಅಂಜುವ ಒಂದೊಂದನ್ನೂ ಹೆಸರಿಸಿ, ಆಶ್ರಯ ಬೇಡಿದವನಿಗೆ ಅಭಯ ನೀಡುತ್ತದೆ. ಕೊನೆಯ ಮೂರು ವಚನಗಳಲ್ಲಿ ದೇವರೇ ನೇರವಾಗಿ ಮಾತಾಡುತ್ತಾನೆ. ಹೀಬ್ರೂ ಪಾಠದಲ್ಲಿ ಕರ್ತೃವಿನ ಹೆಸರಿಲ್ಲ. ಪ್ರಾಚೀನ ಗ್ರೀಕ್ ಅನುವಾದ ಇದನ್ನು ದಾವೀದನದೆನ್ನುತ್ತದೆ. ಗ್ರೀಕ್ ಮತ್ತು ಲ್ಯಾಟಿನ್ ಬೈಬಲುಗಳಲ್ಲಿ ಇದರ ಸಂಖ್ಯೆ 90.

ಈ ಹಾಡನ್ನು ರಕ್ಷೆಯಾಗಿ ಬಳಸುವ ರೂಢಿ ಬಹಳ ಹಳೆಯದು. ಮೃತ ಸಮುದ್ರದ ದಡದ ಕುಮ್ರಾನಿನಲ್ಲಿ 1956ರಲ್ಲಿ ಪತ್ತೆಯಾದ ಹನ್ನೊಂದನೆಯ ಗುಹೆಯ ಒಂದು ಸುರುಳಿಯಲ್ಲಿ ದೆವ್ವ ಬಿಡಿಸುವ ಹಾಡುಗಳ ಜೊತೆಗೆ, ಕೊನೆಯಲ್ಲಿ ಈ ಕೀರ್ತನೆಯಿದೆ. ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದ್ ಕೂಡ ಇದನ್ನು ಕೇಡು ನಿವಾರಿಸುವ ಹಾಡೆಂದು ಗುರುತಿಸುತ್ತದೆ. ಬೈಜಾಂಟಿನ್ ಕಾಲದ ಕ್ರೈಸ್ತರು ಇದರ ಮೊದಲ ಮಾತುಗಳನ್ನು ಉಂಗುರ, ತೋಳುಬಂದಿ, ಮನೆಬಾಗಿಲ ಮೇಲಿನ ಕಲ್ಲುಗಳಲ್ಲಿ ಕೆತ್ತಿಸಿಕೊಂಡರು. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಒಂದು ಪಪೈರಸ್ ಹಾಳೆಯಲ್ಲಿ ಕೀರ್ತನೆಯ ಜೊತೆಗೆ ನಾಲ್ಕೂ ಸುವಾರ್ತೆಗಳ ಉಲ್ಲೇಖವಿದೆ. ಇಂಥದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಔಷಧವಿಲ್ಲದ ಕಾಲದಲ್ಲಿ ಮಗುವಿಗೆ ಜ್ವರ ಬಂದಾಗ ದೇವರ ಮಾತನ್ನು ಮೈಗೆ ತಾಕುವಂತೆ ಇಟ್ಟುಕೊಳ್ಳಬೇಕೆನಿಸುವುದು ಸಹಜ.

ಆದರೆ ವಾಗ್ದಾನವನ್ನು ಹಿಡಿದು ದೇವರನ್ನು ಕಟ್ಟಿಹಾಕಬಹುದೇ? ಈ ಪ್ರಶ್ನೆಯನ್ನು ಹೊಸ ಒಡಂಬಡಿಕೆಯೇ ಎತ್ತಿದೆ. ಮತ್ತಾಯ 4 ಮತ್ತು ಲೂಕ 4ನೆಯ ಅಧ್ಯಾಯಗಳ ಶೋಧನೆಯ ಪ್ರಸಂಗದಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ದೇವದೂತರು ಕಾಯುವರೆನ್ನುವ ಇದೇ ಕೀರ್ತನೆಯ 11 ಮತ್ತು 12ನೆಯ ವಚನಗಳನ್ನು ಆಧಾರವಾಗಿ ತೋರಿಸಿ, ಧುಮುಕು ಎನ್ನುತ್ತಾನೆ. ದೇವರನ್ನು ಪರೀಕ್ಷಿಸಬಾರದೆಂದು ಯೇಸು ನಿರಾಕರಿಸುತ್ತಾನೆ. ಕೀರ್ತನೆಯ ಮುಂದಿನ ಇಡೀ ವ್ಯಾಖ್ಯಾನಪರಂಪರೆಯ ಮೇಲೆ ಈ ನಿರಾಕರಣೆಯ ಗುರುತು ಬಿದ್ದಿದೆ.

ಸಂತ ಬೆನೆಡಿಕ್ಟನ ನಿಯಮದಂತೆ ನಡೆಯುವ ಮಠಗಳಲ್ಲಿ ಇದು ಮಲಗುವ ಮುಂಚಿನ ಪ್ರಾರ್ಥನೆಯ ಭಾಗವಾಯಿತು. 1139ರ ಸುಮಾರಿಗೆ ಕ್ಲೆರ್ವೋ ಮಠದ ಬರ್ನಾರ್ಡ್ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಇದೊಂದರ ಮೇಲೆಯೇ 17 ಪ್ರಸಂಗಗಳನ್ನು ಮಾಡಿದ. ಇಕ್ಕಟ್ಟಿನಲ್ಲಿ ಜೊತೆಗಿರುವೆನೆಂದು ದೇವರು ಹೇಳುವ 15ನೆಯ ವಚನ ಅವನ ಮನಸ್ಸಿಗೆ ನಾಟಿತ್ತು: ದೇವರು ಜೊತೆಗಿದ್ದರೆ ಸಂಕಟವೂ ತನಗೆ ಒಳ್ಳೆಯದೇ ಎಂಬುದು ಅವನ ನಿಲುವು. ಕೀರ್ತನೆಯ ತಿರುಳನ್ನು ಇಷ್ಟು ಚೆನ್ನಾಗಿ ಹಿಡಿದವರು ವಿರಳ. ಇಕ್ಕಟ್ಟೇ ಬಾರದೆಂದು ಆ ವಚನ ಹೇಳುವುದಿಲ್ಲ. ಯೆಹೂದ್ಯರು ಶವವನ್ನು ಸಮಾಧಿಗೆ ಒಯ್ಯುವಾಗ ನಡುನಡುವೆ ನಿಂತು ಇದನ್ನೇ ಪಠಿಸುತ್ತಾರೆ. ದೀರ್ಘಾಯುಷ್ಯದ ಮಾತಿನಿಂದ ಮುಗಿಯುವ ಹಾಡು ಸಾವಿನೆದುರಿಗೂ ಅವರಿಗೆ ಸುಳ್ಳೆನಿಸಿಲ್ಲ.

1844ರಲ್ಲಿ ಪ್ರಷ್ಯದ ದೊರೆ ಕೊಲೆಯತ್ನದಿಂದ ಪಾರಾದಾಗ ಜರ್ಮನ್ ಸಂಗೀತಕಾರ ಮೆಂಡೆಲ್ಸನ್ ದೇವದೂತರ ಕುರಿತ ವಚನಗಳಿಗೆ ಎಂಟು ಧ್ವನಿಗಳ ಸಂಗೀತ ರಚಿಸಿದ. ಹತ್ತು ವರ್ಷಗಳ ನಂತರ ಲಂಡನ್ನಿನಲ್ಲಿ ಕಾಲರಾ ಹಬ್ಬಿತು. ಇಪ್ಪತ್ತರ ಹರೆಯದ ಬೋಧಕ ಚಾರ್ಲ್ಸ್ ಸ್ಪರ್ಜನ್ ರೋಗಿಗಳ ಮನೆಗಳಿಗೂ ಮಣ್ಣುಮಾಡುವಲ್ಲಿಗೂ ಅಲೆದು ಸೋತು, ಮುಂದಿನ ಸರದಿ ತನ್ನದೇ ಎಂದುಕೊಂಡಿದ್ದ. ಒಂದು ಶವಸಂಸ್ಕಾರದಿಂದ ಮರಳುವಾಗ, ಗ್ರೇಟ್ ಡೋವರ್ ರಸ್ತೆಯ ಚಪ್ಪಲಿ ಹೊಲಿಯುವವನ ಅಂಗಡಿಯ ಕಿಟಕಿಯಲ್ಲಿ ಅಂಟಿಸಿದ್ದ ಕಾಗದ ಅವನ ಕಣ್ಣಿಗೆ ಬಿತ್ತು. ದಪ್ಪ ಕೈಬರಹದಲ್ಲಿ, ದೇವರನ್ನು ಆಶ್ರಯಿಸಿದವನಿಗೆ ಕೇಡು ತಟ್ಟದೆನ್ನುವ ಕೀರ್ತನೆಯ 9 ಮತ್ತು 10ನೆಯ ವಚನಗಳಿದ್ದವು. ಅಂಜಿಕೆ ಹೋಯಿತು, ಸೇವೆ ಮುಂದುವರಿಸಿದೆ ಎಂದು ಕೀರ್ತನೆಗಳ ಮೇಲಿನ ತನ್ನ ವ್ಯಾಖ್ಯಾನದಲ್ಲಿ ಅವನು ದಾಖಲಿಸಿದ್ದಾನೆ. ಆ ಭರವಸೆ ಅವನನ್ನು ರೋಗಿಗಳಿಂದ ದೂರ ಇರಿಸಲಿಲ್ಲ, ಮತ್ತೆ ಅವರ ಹಾಸಿಗೆಯ ಬಳಿಗೇ ಕಳಿಸಿತು.

ಕನ್ನಡಕ್ಕೆ ಈ ಕೀರ್ತನೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಬೈಬಲ್ ಅನುವಾದದೊಂದಿಗೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆ ಕೆಲಸದ ಮುಂದಾಳು. 2020ರ ಕೊರೊನಾ ಕಾಲದಲ್ಲಿ ಚರ್ಚುಗಳ ಬಾಗಿಲು ಮುಚ್ಚಿದ್ದಾಗ ವಿಶ್ವಾಸಿಗಳು ಮನೆಗಳಲ್ಲಿ ಮತ್ತೆ ಇದನ್ನೇ ಓದಿಕೊಂಡರು.