ಪಾಪವೋ, ಚಟವೋ, ಕಾಯಿಲೆಯೋ? ಲೈಂಗಿಕ ವ್ಯಸನದ 250 ವರ್ಷಗಳ ಕಥೆ



ಈ ಸಲದ ವಿಡಿಯೋವನ್ನ ಮನೆಯವರೆಲ್ಲ ಕೂತಿರೋವಾಗ ಸ್ಪೀಕರ್ ಹಾಕಿ ಕೇಳೋದು ಕಷ್ಟ. ಅದಕ್ಕೇ ಅದರ ಬರಹವನ್ನ ಸ್ವಲ್ಪ ವಿಸ್ತಾರವಾಗಿ ಕೊಡ್ತಾ ಇದ್ದೀನಿ, ಫೋನಲ್ಲಿ ನಿಧಾನವಾಗಿ ಓದ್ಕೊಳ್ಳಿ. ವಿಷಯ ಲೈಂಗಿಕ ವ್ಯಸನ.

ಕುಡಿತದ ಚಟ, ಇಸ್ಪೀಟಿನ ಚಟ ಅಂದ್ರೆ ನಮ್ಮಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ. ಮನೆಯವರು ಬೈತಾರೆ, ಅಳ್ತಾರೆ, ಬಿಡಿಸೋಕೆ ಅಲೆದಾಡ್ತಾರೆ. ಈ ಚಟದ ಮಾತು ಬಂದ್ರೆ ಮಾತ್ರ ಒಂದೋ ಗೆಳೆಯರ ಗುಂಪಲ್ಲಿ ಜೋಕು, ಇಲ್ಲಾಂದ್ರೆ ಒಬ್ಬರೇ ಒಳಗೊಳಗೇ ನುಂಗಿಕೊಳ್ಳೋ ಅವಮಾನ. ಊರು ಬಿಟ್ಟು ಪುಣೆಯಲ್ಲೋ ಹೈದರಾಬಾದಲ್ಲೋ ಪೀಜಿ ರೂಮಲ್ಲಿ ಇರೋ ಹುಡುಗನಿಗೆ ಇದನ್ನ ಯಾರ ಹತ್ರ ಕೇಳೋದು ಅನ್ನೋದೇ ಗೊತ್ತಿರಲ್ಲ. ಕೇಳೋಕೆ ಶಬ್ದವೂ ಇರಲ್ಲ.

ನಾನು ಡಾಕ್ಟರಲ್ಲ. ಎಂಟೆಕ್ ಮಾಡಿ ಸಾಫ್ಟ್‌ವೇರ್ ಬರೆಯೋನು. ಆದ್ರೆ ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಒಂದು ಪ್ರೋಗ್ರಾಮ್ ಈಗ ಯಾಕೆ ಹೀಗಿದೆ ಅಂತ ತಿಳೀಬೇಕಾದ್ರೆ ಅದರ ಹಳೇ ವರ್ಷನ್‌ಗಳನ್ನ ತೆಗೆದು ನೋಡ್ತೀವಿ. ಯಾವ ಸಾಲು ಯಾವಾಗ ಬದಲಾಯ್ತು, ಯಾಕೆ ಬದಲಾಯ್ತು ಅಂತ. ಲೈಂಗಿಕ ವ್ಯಸನ ಅನ್ನೋ ಕಲ್ಪನೆಯನ್ನೂ ಹಾಗೇ ಹಿಂದಿನಿಂದ ನೋಡ್ಕೊಂಡು ಬಂದ್ರೆ ಒಂದು ವಿಷಯ ತುಂಬಾ ಸ್ಪಷ್ಟವಾಗುತ್ತೆ. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಬಂದದ್ದು ಭಯ

1760ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಡಾಕ್ಟರ್ ಸಾಮ್ಯುಯೆಲ್ ಟಿಸ್ಸೊ ಹಸ್ತಮೈಥುನದ ಬಗ್ಗೆ ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಹೊರತಂದ. ಒಂದು ಔನ್ಸ್ ವೀರ್ಯ ಹೋದ್ರೆ 40 ಔನ್ಸ್ ರಕ್ತ ಹೋದದ್ದಕ್ಕಿಂತ ಹೆಚ್ಚು ನಿಶ್ಶಕ್ತಿ ಬರುತ್ತೆ ಅನ್ನೋದು ಅವನ ವಾದ. ಕಣ್ಣು ಮಂಜಾಗುತ್ತೆ, ಬುದ್ಧಿ ಮಂಕಾಗುತ್ತೆ, ಮನುಷ್ಯ ಸತ್ತೇ ಹೋಗಬಹುದು ಅಂತ ಹೆದರಿಸಿದ. ಪುಸ್ತಕ ಯುರೋಪಿನ ಹಲವು ಭಾಷೆಗಳಿಗೆ ಹೋಯ್ತು. ಅಲ್ಲಿವರೆಗೆ ಪಾದ್ರಿಯ ಹತ್ರ ಇದ್ದ ವಿಷಯ ಡಾಕ್ಟರ ಕೈಗೆ ಬಂತು. ಪಾಪ ಅನ್ನೋ ಬೋರ್ಡ್ ತೆಗೆದು ರೋಗ ಅನ್ನೋ ಬೋರ್ಡ್ ಹಾಕಿದ್ರು, ಅಂಗಡಿ ಅದೇ.

ಈ 40ರ ಲೆಕ್ಕ ನಿಮಗೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? 40 ಹನಿ ರಕ್ತ ಸೇರಿ ಒಂದು ಹನಿ ಧಾತು ಅನ್ನೋ ಮಾತು ನಮ್ಮ ದೇಶದಲ್ಲೂ ಇದೆ. ರೈಲು ಹಳಿ ಪಕ್ಕದ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರೋ 'ಗುಪ್ತ ರೋಗ'ದ ಜಾಹೀರಾತುಗಳು ನಡೀತಿರೋದೇ ಈ ಹೆದರಿಕೆ ಮೇಲೆ. ಧಾತು ಹೋಗ್ತಿದೆ, ಅದಕ್ಕೇ ಸುಸ್ತು, ಅದಕ್ಕೇ ಓದು ತಲೆಗೆ ಹತ್ತಲ್ಲ ಅಂತ ನರಳ್ತಾ ಬರೋ ಯುವಕರನ್ನ ನೋಡಿ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಅದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಆ ಹುಡುಗರ ದೇಹದಲ್ಲಿ ಏನೂ ಸೋರಿಹೋಗಿರಲಿಲ್ಲ. ಅವರನ್ನ ನಿಜವಾಗಿ ಹಿಂಡ್ತಾ ಇದ್ದದ್ದು ಆತಂಕ ಮತ್ತು ಬೇಸರ.

ಹೆಂಗಸರ ಪಾಲಿಗೆ ಈ ಭಯ ಇನ್ನೂ ಕ್ರೂರವಾಗಿತ್ತು. 1860ರ ದಶಕದಲ್ಲಿ ಲಂಡನ್ನಿನ ಐಸಾಕ್ ಬೇಕರ್ ಬ್ರೌನ್ ಅನ್ನೋ ಶಸ್ತ್ರವೈದ್ಯ ಹಿಸ್ಟೀರಿಯಾ, ಮೂರ್ಛೆರೋಗ ಎಲ್ಲದಕ್ಕೂ ಹಸ್ತಮೈಥುನವೇ ಮೂಲ ಅಂತ ಹೇಳಿ ಹೆಂಗಸರ ಜನನಾಂಗದ ಭಾಗವನ್ನೇ ಕತ್ತರಿಸ್ತಾ ಇದ್ದ. 1867ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘ ಅವನನ್ನ ಹೊರಹಾಕಿತು. ಅಷ್ಟರಲ್ಲಿ ಎಷ್ಟೋ ಹೆಂಗಸರ ಬದುಕು ಹಾಳಾಗಿತ್ತು.

ಆಮೇಲೆ ಲೆಕ್ಕ

1886ರಲ್ಲಿ ಕ್ರಾಫ್ಟ್-ಎಬಿಂಗ್ ಅನ್ನೋ ಮನೋವೈದ್ಯ ಜರ್ಮನ್ ಭಾಷೆಯಲ್ಲಿ 'ಸೈಕೋಪಥಿಯಾ ಸೆಕ್ಷುಆಲಿಸ್' ಬರೆದ. ಸಾಮಾನ್ಯ ಜನ ಓದಿಬಿಟ್ಟಾರು ಅಂತ ಸೂಕ್ಷ್ಮ ಭಾಗಗಳನ್ನ ಲ್ಯಾಟಿನ್ನಲ್ಲಿ ಇಟ್ಟ. ಅತಿಯಾದ ಕಾಮವೂ ಅವನ ಪಟ್ಟಿಯಲ್ಲಿತ್ತು. ಆದ್ರೆ 'ಅತಿ' ಅಂದ್ರೆ ಎಷ್ಟು?

ಅಮೆರಿಕದ ಆಲ್ಫ್ರೆಡ್ ಕಿನ್ಸೆ 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ದೊಡ್ಡ ಸಮೀಕ್ಷೆಗಳನ್ನ ಪ್ರಕಟಿಸಿದ. ಮನುಷ್ಯರ ನಡುವೆ ಈ ವಿಷಯದಲ್ಲಿ ಇರೋ ವ್ಯತ್ಯಾಸ ಊಹೆಗೂ ಮೀರಿದ್ದು ಅಂತ ಗೊತ್ತಾಯ್ತು. ಒಬ್ಬರಿಗೆ ವಾರಕ್ಕೆ ಇಷ್ಟು ಸಾಕು, ಇನ್ನೊಬ್ಬರಿಗೆ ಅದರ ಹತ್ತು ಪಟ್ಟು. ಇಬ್ಬರೂ ಆರೋಗ್ಯವಾಗೇ ಇದ್ದಾರೆ. ಹಾಗಿದ್ರೂ ಸಂಖ್ಯೆಯಲ್ಲಿ ಗೆರೆ ಎಳೆಯೋ ಆಸೆ ಹೋಗಲಿಲ್ಲ. 1990ರ ದಶಕದಲ್ಲಿ ಮನೋವೈದ್ಯ ಮಾರ್ಟಿನ್ ಕಾಫ್ಕಾ, ಕನಿಷ್ಠ ಆರು ತಿಂಗಳು ವಾರಕ್ಕೆ ಏಳು ಸಲ ಅಥವಾ ಹೆಚ್ಚು ಅನ್ನೋ ಅಳತೆ ಮುಂದಿಟ್ಟರು. ಆದ್ರೆ ಬರೀ ಸಂಖ್ಯೆಯಿಂದ ರೋಗ ಗೊತ್ತಾಗಲ್ಲ. ಹೊಸದಾಗಿ ಮದುವೆಯಾದವರನ್ನೆಲ್ಲ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ!

ವ್ಯಸನ ಅನ್ನೋ ಹೆಸರು ಬಂತು

ಇದರ ಜೊತೆಜೊತೆಗೇ ಇನ್ನೊಂದು ದಾರಿ ಶುರುವಾಗಿತ್ತು, ಡಾಕ್ಟರುಗಳ ಕಡೆಯಿಂದ ಅಲ್ಲ. 1935ರಲ್ಲಿ ಅಮೆರಿಕದ ಏಕ್ರನ್ ಊರಲ್ಲಿ ಇಬ್ಬರು ಕುಡುಕರು ಸೇರಿ ಆಲ್ಕೋಹಾಲಿಕ್ಸ್ ಅನಾನಿಮಸ್ ಶುರು ಮಾಡಿದ್ರು. ಹೆಸರು ಹೇಳಬೇಕಿಲ್ಲ, ವಿಳಾಸ ಹೇಳಬೇಕಿಲ್ಲ, ಬಂದು ಕೂತು ನಿಮ್ಮ ಕಥೆ ಹೇಳಿ, ಇನ್ನೊಬ್ಬರದ್ದು ಕೇಳಿ. ಅಷ್ಟೇ. ಅದೇ ಮಾದರಿಯಲ್ಲಿ 1970ರ ದಶಕದಲ್ಲಿ ಕಾಮದ ವಿಷಯದಲ್ಲಿ ಹಿಡಿತ ಕಳ್ಕೊಂಡವರೂ ಗುಂಪು ಕಟ್ಟಿಕೊಂಡ್ರು. 1976ರಲ್ಲಿ ಬಾಸ್ಟನ್ನಲ್ಲಿ ಶುರುವಾದದ್ದು ಮೊದಲಿನವುಗಳಲ್ಲಿ ಒಂದು.

1983ರಲ್ಲಿ ಪ್ಯಾಟ್ರಿಕ್ ಕಾರ್ನ್ಸ್ 'ಔಟ್ ಆಫ್ ದ ಶಾಡೋಸ್' ಪುಸ್ತಕದಿಂದ ಈ ಹೆಸರನ್ನ ಮನೆಮಾತು ಮಾಡಿದ್ರು. ಅವರು ಹೇಳಿದ ಚಕ್ರ ನಾಲ್ಕು ಹಂತದ್ದು. ಮೊದಲು ಮನಸ್ಸು ಪೂರ್ತಿ ಅದರಲ್ಲೇ ಮುಳುಗೋದು. ಎರಡನೇದು ಸಿದ್ಧತೆ: ಬಾಗಿಲು ಹಾಕೋದು, ಅದೇ ಟೈಮು, ಅದೇ ಜಾಗ. ಮೂರನೇದು ಕ್ರಿಯೆ. ನಾಲ್ಕನೇದು ಹತಾಶೆ, ತನ್ನ ಮೇಲೇ ಅಸಹ್ಯ. ಆ ಅಸಹ್ಯವನ್ನ ಮರೆಯೋಕೆ ಮತ್ತೆ ಮೊದಲನೇ ಹಂತ. ಕಾರ್ನ್ಸ್ ಅವರ ಎಲ್ಲ ಮಾತನ್ನ ಸಂಶೋಧಕರು ಒಪ್ಪಲಿಲ್ಲ. ಆದ್ರೆ ಅವಮಾನ ಅನ್ನೋದು ಬ್ರೇಕ್ ಅಲ್ಲ, ಪೆಟ್ರೋಲ್ ಅಂತ ಈ ಚಕ್ರ ತೋರಿಸಿಕೊಟ್ಟಿತು. ನನ್ನ ಪ್ರಕಾರ ಅದು ದೊಡ್ಡ ಹೆಜ್ಜೆ.

ಇಲಿ, ಅಲ್ಗಾರಿದಮ್ ಮತ್ತು ಯಯಾತಿ

ಮಿದುಳಲ್ಲಿ ಏನಾಗುತ್ತೆ? 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ಸಣ್ಣ ತಂತಿ ಇಟ್ಟು, ಒಂದು ಸನ್ನೆ ಒತ್ತಿದ್ರೆ ಚೂರು ವಿದ್ಯುತ್ ಹೋಗೋ ಹಾಗೆ ಮಾಡಿದ್ರು. ಕೆಲವು ಇಲಿಗಳು ಗಂಟೆಗೆ ನೂರಾರು ಸಲ ಒತ್ತಿದವು. ಅಂದಹಾಗೆ ಮಿಲ್ನರ್ ಮೂಲತಃ ನಮ್ಮವರೇ, ಎಂಜಿನಿಯರ್!

1997ರಲ್ಲಿ ಷುಲ್ಟ್ಸ್, ದಯಾನ್, ಮೊಂಟಾಗ್ ಮೂವರೂ ಒಂದು ಪ್ರಬಂಧದಲ್ಲಿ, ಡೋಪಮಿನ್ ಕಣಗಳ ವರ್ತನೆ ಮೆಷಿನ್ ಲರ್ನಿಂಗ್‌ನ ಒಂದು ಅಲ್ಗಾರಿದಮ್ಮಿಗೆ ಹೊಂದುತ್ತೆ ಅಂತ ತೋರಿಸಿದ್ರು. ಮಿದುಳು ಸುಖವನ್ನ ಅಳೆಯೋದಕ್ಕಿಂತ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರೋ ವ್ಯತ್ಯಾಸವನ್ನ ಅಳೆಯುತ್ತೆ. ಕಲಿತ ಮೇಲೆ, ಸುಖ ಸಿಗೋ ಮುಂಚೆಯೇ, ಅದರ ಸೂಚನೆ ಕಂಡಾಗಲೇ ಡೋಪಮಿನ್ ಏಳುತ್ತೆ. ರಾತ್ರಿ 11 ಗಂಟೆ, ಖಾಲಿ ರೂಮು, ಕೈಯಲ್ಲಿ ಫೋನು: ಅಷ್ಟೇ ಸಾಕು.

2014ರಲ್ಲಿ ಕೇಂಬ್ರಿಜ್‌ನಲ್ಲಿ ವೆಲರಿ ವೂನ್ ತಂಡ ಇಂಥ ತೊಂದರೆ ಇದ್ದ 19 ಗಂಡಸರ ಮಿದುಳನ್ನ ಸ್ಕ್ಯಾನ್ ಮಾಡ್ತು. ಅಶ್ಲೀಲ ವಿಡಿಯೋ ತೋರಿಸಿದಾಗ ಬೇರೆಯವರಿಗಿಂತ ಅವರಿಗೆ 'ಬೇಕು' ಅನ್ನೋದು ಹೆಚ್ಚಿತ್ತು, 'ಇಷ್ಟ' ಅನ್ನೋದು ಹೆಚ್ಚಿರಲಿಲ್ಲ. ಚಿಕ್ಕ ಅಧ್ಯಯನ, ಚರ್ಚೆ ಇನ್ನೂ ಮುಗಿದಿಲ್ಲ. ಆದ್ರೆ ಇಷ್ಟವಿಲ್ಲದೇ ಇದ್ರೂ ಬೇಕು ಅನ್ನಿಸೋ ಈ ಸಂಕಟ ನಮಗೆ ಹೊಸದಲ್ಲ. ಮಗ ಪುರುವಿನ ಯೌವನ ಪಡ್ಕೊಂಡು ಸಾವಿರ ವರ್ಷ ಅನುಭವಿಸಿ, ಕೊನೆಗೂ ತೃಪ್ತಿ ಸಿಗದೆ ಅದನ್ನ ವಾಪಸ್ ಕೊಟ್ಟ ಯಯಾತಿಯ ಕಥೆ ಮಹಾಭಾರತದಲ್ಲೇ ಇದೆ. ಕಾರ್ನಾಡರ ಮೊದಲ ನಾಟಕ ಅದೇ ಕಥೆ. ಮುಂಬೈ, ಪುಣೆಯಲ್ಲಿರೋರಿಗೆ ಖಾಂಡೇಕರರ ಮರಾಠಿ 'ಯಯಾತಿ'ಯೂ ಗೊತ್ತಿರುತ್ತೆ.

ಕೊನೆಗೂ ಒಂದು ವ್ಯಾಖ್ಯೆ

ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1987ರಲ್ಲಿ 'ಲೈಂಗಿಕ ವ್ಯಸನ' ಅನ್ನೋ ಪದ ಬಂತು, 1994ರಲ್ಲಿ ಹೋಯ್ತು. 2013ರ ಆವೃತ್ತಿಗೆ ಕಾಫ್ಕಾ 'ಹೈಪರ್‌ಸೆಕ್ಷುಯಲ್ ಡಿಸಾರ್ಡರ್' ಸೇರಿಸಿ ಅಂತ ಕೇಳಿದ್ರು. ಪುರಾವೆ ಸಾಲದು ಅಂತ ಒಪ್ಪಲಿಲ್ಲ. 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಐಸಿಡಿ-11ಕ್ಕೆ ಒಪ್ಪಿಗೆ ಸಿಕ್ತು, 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ 'ಕಂಪಲ್ಸಿವ್ ಸೆಕ್ಷುಯಲ್ ಬಿಹೇವಿಯರ್ ಡಿಸಾರ್ಡರ್' ಇದೆ. ಜೂಜು, ಗೇಮಿಂಗ್ ಇರೋ ವ್ಯಸನದ ಗುಂಪಲ್ಲಿ ಅಲ್ಲ, ತುಡಿತವನ್ನ ತಡೆಯೋಕೆ ಆಗದ ಕಾಯಿಲೆಗಳ ಗುಂಪಲ್ಲಿ.

ಅದರ ಸಾರಾಂಶ ಇಷ್ಟು. ಆರು ತಿಂಗಳು ಅಥವಾ ಹೆಚ್ಚು ಕಾಲ ತುಡಿತದ ಮೇಲೆ ಹಿಡಿತ ಇರಲ್ಲ. ಊಟ, ನಿದ್ದೆ, ಕೆಲಸ, ಮನೆ ಎಲ್ಲ ಹಿಂದೆ ಸರಿದು ಅದೇ ಬದುಕಿನ ಕೇಂದ್ರ ಆಗುತ್ತೆ. ಎಷ್ಟು ಸಲ ಬಿಡೋಕೆ ನೋಡಿದ್ರೂ ಆಗಲ್ಲ. ಸುಖ ಅಷ್ಟಾಗಿ ಸಿಗದೇ ಇದ್ರೂ, ನಷ್ಟ ಆಗ್ತಿದ್ರೂ ಮುಂದುವರಿಯುತ್ತೆ. ಇಲ್ಲಿ 'ವಾರಕ್ಕೆ ಎಷ್ಟು ಸಲ' ಅನ್ನೋ ಸಂಖ್ಯೆ ಇಲ್ಲ. ಜೊತೆಗೆ ಇನ್ನೊಂದು ಸಾಲು ಇದೆ: ಸಂಕಟ ಪೂರ್ತಿಯಾಗಿ ನೈತಿಕ ತೀರ್ಮಾನದಿಂದ, 'ಇದು ತಪ್ಪು' ಅನ್ನೋ ಭಾವನೆಯಿಂದ ಮಾತ್ರ ಬಂದಿದ್ರೆ, ಅದೊಂದರಿಂದಲೇ ಇದು ಕಾಯಿಲೆ ಆಗಲ್ಲ.

250 ವರ್ಷ ಬೇಕಾಯ್ತು ಈ ಒಂದು ಸಾಲಿಗೆ. ನಾನು ಮೊದಲೇ ಹೇಳ್ತೀನಿ ಅಂದ ವಿಷಯ ಇದೇ: ನಾಚಿಕೆ ಬೇರೆ, ಕಾಯಿಲೆ ಬೇರೆ.

ಇಬ್ಬರನ್ನ ಊಹಿಸ್ಕೊಳ್ಳಿ. ಒಬ್ಬ ತಿಂಗಳಿಗೆ ಎರಡು ಸಲ ಅಶ್ಲೀಲ ವಿಡಿಯೋ ನೋಡ್ತಾನೆ, ಆಮೇಲೆ ವಾರಗಟ್ಟಲೆ ತಾನು ಕೆಟ್ಟುಹೋದೆ ಅಂತ ಕೊರಗ್ತಾನೆ. ಇನ್ನೊಬ್ಬನಿಗೆ ಕೊರಗಿಲ್ಲ, ಆದ್ರೆ ದಿನಾ ರಾತ್ರಿ ಮೂರು ಗಂಟೆವರೆಗೆ ಅದೇ, ಕೆಲಸ ಹೋಗೋ ಹಂತಕ್ಕೆ ಬಂದಿದೆ, ಹೆಂಡತಿ ಜೊತೆ ಮಾತು ನಿಂತಿದೆ, ಸಾಲ ಆಗಿದೆ. ಮೊದಲನೆಯವನು ತನ್ನನ್ನ ವ್ಯಸನಿ ಅಂತಾನೆ, ಎರಡನೆಯವನು 'ಎಲ್ಲರೂ ಮಾಡೋದೇ' ಅಂತಾನೆ. ಚಿಕಿತ್ಸೆ ಬೇಕಿರೋದು ಎರಡನೆಯವನಿಗೆ. ಮೊದಲನೆಯವನಿಗೆ ಬೇಕಿರೋದು ತನ್ನ ನಂಬಿಕೆ ಮತ್ತು ನಡತೆಯ ನಡುವಿನ ಜಗಳವನ್ನ ಸಮಾಧಾನವಾಗಿ ಕೂತು ಕೇಳೋ ಒಬ್ಬ ಮನುಷ್ಯ.

ಹೊರಗೆ ಬರೋ ದಾರಿ

ಮೊದಲು ಮನೋವೈದ್ಯರನ್ನ ನೋಡಬೇಕು, ಯಾಕಂದ್ರೆ ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲೂ, ಪಾರ್ಕಿನ್ಸನ್ಸ್‌ಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಹೀಗೆ ಆಗಬಹುದು. ಖಿನ್ನತೆ, ಆತಂಕ, ಕುಡಿತ ಜೊತೆಗಿದ್ರೆ ಅದಕ್ಕೂ ಚಿಕಿತ್ಸೆ ಬೇಕು. ಮುಖ್ಯ ಚಿಕಿತ್ಸೆ ಸಿಬಿಟಿ ಥರದ ಮಾತಿನ ಚಿಕಿತ್ಸೆ: ಯಾವ ಹೊತ್ತು, ಯಾವ ಜಾಗ, ಯಾವ ಮನಸ್ಥಿತಿ ಇದನ್ನ ಎಬ್ಬಿಸುತ್ತೆ ಅಂತ ಗುರುತಿಸೋದು, ಆ ಸರಪಳಿಯನ್ನ ಮೊದಲ ಕೊಂಡಿಯಲ್ಲೇ ಮುರಿಯೋದು. ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕೋದು ಸಣ್ಣ ಕೆಲಸ, ಆದ್ರೆ ಸೂಚನೆಯೇ ಕಣ್ಣಿಗೆ ಬೀಳದ ಹಾಗೆ ಮಾಡುತ್ತೆ. ಕೆಲವರಿಗೆ ವೈದ್ಯರು ಮಾತ್ರೆಯನ್ನೂ ಕೊಡ್ತಾರೆ.

ಇನ್ನೊಂದು ಮಾತು. 1985ರಲ್ಲಿ ಅಲನ್ ಮಾರ್ಲಟ್ ಮತ್ತು ಜೂಡಿತ್ ಗಾರ್ಡನ್ ಚಟ ಮರುಕಳಿಸೋದರ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸೂಕ್ಷ್ಮ ಹೇಳಿದ್ರು. 40 ದಿನ ಬಿಟ್ಟವನು ಒಂದು ದಿನ ಜಾರಿದಾಗ 'ನಾನು ಇಷ್ಟೇ, ಎಲ್ಲಾ ಮುಗೀತು' ಅಂದ್ಕೊಂಡ್ರೆ, ಆ ಯೋಚನೆಯೇ ಅವನನ್ನ ಪೂರ್ತಿ ಕೆಳಗೆ ತಳ್ಳುತ್ತೆ. ಜಾರೋದು ಬೇರೆ, ಬಿದ್ದೇ ಇರೋದು ಬೇರೆ. 40 ದಿನದಲ್ಲಿ ಕಲಿತದ್ದು ಒಂದು ರಾತ್ರಿಯಲ್ಲಿ ಅಳಿಸಿಹೋಗಲ್ಲ. ಯಾಕೆ ಜಾರಿದೆ ಅಂತ ನೋಡಿ, ಅಲ್ಲೊಂದು ತಡೆ ಹಾಕಿ, ಎದ್ದು ನಡೀಬೇಕು.

ಕಾಯಿಲೆ ಅನ್ನೋದು ನೆಪ ಆಗಬಾರದು. ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಮಾಡಿದ್ದು ಅಪರಾಧವೇ. ವ್ಯಸನ ಅಂತ ಹೇಳಿ ಅದನ್ನ ಮುಚ್ಚೋಕಾಗಲ್ಲ. ಮೋಸ ಹೋದ ಹೆಂಡತಿಗೋ ಗಂಡನಿಗೋ ಆದ ನೋವೂ ನಿಜವಾದದ್ದು. ಅವರಿಗೂ ಆಸರೆ ಬೇಕು. ಕ್ಷಮಿಸಲೇಬೇಕು ಅಂತ ಅವರ ಮೇಲೆ ಯಾರೂ ಒತ್ತಡ ಹಾಕಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್ನೆಟ್ ಚಟಕ್ಕೇ ಅಂತ 'ಶಟ್ ಕ್ಲಿನಿಕ್' ಇದೆ. ಊರಿಂದ ದೂರ ಇರೋರು ಕೇಂದ್ರ ಸರ್ಕಾರದ ಟೆಲಿ-ಮಾನಸ್‌ಗೆ ಫೋನ್ ಮಾಡಬಹುದು, ನಂಬರ್ 14416. ದುಡ್ಡು ಬೇಡ, 24 ಗಂಟೆಯೂ ಇರುತ್ತೆ, ಭಾಷೆ ಆರಿಸ್ಕೊಳ್ಳೋ ಅವಕಾಶ ಇದೆ. ಚೆನ್ನೈಯಲ್ಲೋ ದಿಲ್ಲಿಯಲ್ಲೋ ಕೂತು ಇಂಥ ಮಾತನ್ನ ಹಿಂದಿಯಲ್ಲೋ ಇಂಗ್ಲಿಷಲ್ಲೋ ಹೇಳೋಕೆ ಬಾಯಿ ಬರದೇ ಇದ್ರೆ ಕನ್ನಡದಲ್ಲೇ ಶುರು ಮಾಡಿ. ಮೊದಲ ವಾಕ್ಯ ಚೆನ್ನಾಗಿರಬೇಕು ಅಂತೇನಿಲ್ಲ. 'ನನಗೆ ನಿಲ್ಲಿಸೋಕೆ ಆಗ್ತಿಲ್ಲ' ಅಂದ್ರೆ ಸಾಕು, ಕೇಳೋರಿಗೆ ಅರ್ಥ ಆಗುತ್ತೆ.